‘ಸ್ಪಂದಿಸುವ ಪಾಲಿಮರ್’ ಅನ್ನದೆ ಬೇರೆ ಏನನ್ನಬಹುದು?

ಗೆಳೆಯರೆ,

ಹಾಸನದಲ್ಲಿ ಪಿಯು ಮಕ್ಕಳ ವಿಜ್ಞಾನ ಮೇಳಕ್ಕೆ ಒಂದು ಕನ್ನಡ ಫಲಕ ಬರೆಯುತ್ತಿದ್ದೇನೆ. ಗಿಡ, ಕಡಲಪಾಚಿ, ಪ್ರಾಣಿಗಳಿಂದ ಸಿಗುವ ಉದ್ದುದ್ದ ಸರಪಳಿಯಂಥ ಅಣುಗಳು (ಪಾಲಿಮರ್), ಬಿಸಿ, ಹುಳಿ, ಉಪ್ಪು ತಾಗಿದರೆ ಅವು ರೂಪ ಬದಲಿಸುವ ಬಗೆ, ಇದು ವಿಷಯ. ‘ಪಾಲಿಮರ್’ ಹಾಗೇ ಇರಲಿ, ಅದಕ್ಕೆ ತಕರಾರಿಲ್ಲ. ಅದಕ್ಕೆ ಮೊದಲು ಹಾಕುವ ಪದವೇ ತೊಡಕು. ‘ಪ್ರಚೋದನೆಗೆ ಸ್ಪಂದಿಸುವ’ ಅಂತ ಬರೆದರೆ ಮಕ್ಕಳ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಸ್ಪಂದಿಸುವುದು ಅಧಿಕಾರಿಗಳ ಕೆಲಸ, ಅದೂ ಪೇಪರಿನಲ್ಲಿ ಮಾತ್ರ, ಅಲ್ವಾ?

ನಮ್ಮ ಕಡೆ ಬೇಲಿ ಮೇಲೆ ಹಬ್ಬುವ ದಾಗಡಿ ಬಳ್ಳಿ ನಿಮಗೆ ಗೊತ್ತಿರಬಹುದು. ಎಲೆ ಕಿತ್ತು ನೀರಲ್ಲಿ ಚೆನ್ನಾಗಿ ಕಿವುಚಿ, ಸೋಸಿ, ಅಲ್ಲಾಡಿಸದೆ ಇಟ್ಟರೆ ಹಸಿರು ನೀರು ತಾನಾಗಿ ಗಟ್ಟಿಯಾಗುತ್ತದೆ. ಒಲೆ ಹಚ್ಚುವುದೇ ಬೇಡ. ಚಾಕುವಿನಲ್ಲಿ ಕೊಯ್ದರೆ ತುಂಡು ತುಂಡಾಗಿ ಬರುತ್ತದೆ. ಬೆಲ್ಲ ಹಾಕಿಕೊಂಡು ತಿನ್ನಬಹುದು, ದೇಹಕ್ಕೆ ತಂಪು ಅನ್ನುತ್ತಾರೆ. ಇದಕ್ಕೆ ನಮ್ಮ ಮನೆಯಲ್ಲಿ ‘ನೀರು ಕಟ್ಟಿತು’ ಅನ್ನುತ್ತೇವೆ. ಪಕ್ಕದ ಮನೆಯವರು ‘ಹೆಪ್ಪಾಯಿತು’ ಅನ್ನುತ್ತಾರೆ.

‘ಹೆಪ್ಪು’ ಒಳ್ಳೆಯ ಪದವೇ. ಹಾಲಿನಲ್ಲಿರುವ ಕೇಸೀನ್ ಅನ್ನುವ ಪ್ರೋಟೀನ್ ಕೂಡ ಇದೇ ಜಾತಿಯ ಅಣು. ಹುಳಿ ಏರಿ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇಳಿಯುತ್ತದೆ) 4.6ರ ಹತ್ತಿರ ಬಂದಾಗ ಅದರ ಕಣಗಳು ಒಂದನ್ನೊಂದು ಹಿಡಿದುಕೊಂಡು ಮೊಸರಾಗುತ್ತದೆ. ಆದರೆ ಮೊಸರು ಮತ್ತೆ ಹಾಲಾಗುವುದಿಲ್ಲ. ಜೆಲಟಿನ್ ಹಾಗಲ್ಲ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಇದು ತಣ್ಣಗಿದ್ದರೆ ಗಟ್ಟಿ, 35 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ತಣ್ಣಗಾದರೆ ಮತ್ತೆ ಗಟ್ಟಿ. ಕನ್ನಡದಲ್ಲಿ ರಕ್ತವೂ ಹೆಪ್ಪುಗಟ್ಟುತ್ತದೆ, ನೀರೂ ಹೆಪ್ಪುಗಟ್ಟುತ್ತದೆ. ಒಂದು ವಾಪಸ್ ಬರುವುದಿಲ್ಲ, ಇನ್ನೊಂದು ಬರುತ್ತದೆ. ಫಲಕದಲ್ಲಿ ಹೇಳಬೇಕಾಗಿರುವುದೇ ಆ ವ್ಯತ್ಯಾಸ.

‘ಕರಗು’ ಕೂಡ ಕೈಕೊಡುತ್ತದೆ. ಸಸ್ಯದ ಸೆಲ್ಯುಲೋಸಿನಿಂದ ಮಾಡುವ ಮೀಥೈಲ್ ಸೆಲ್ಯುಲೋಸ್ ಪೂರ್ತಿ ಉಲ್ಟಾ. ಅದರ ದ್ರಾವಣ ಕಾಯಿಸಿದರೆ ಗಟ್ಟಿ, ಆರಿದರೆ ನೀರು. ‘ಆರಿದ ಮೇಲೆ ಕರಗಿತು’ ಅಂತ ಬರೆದು ನೋಡಿದೆ, ಅಚ್ಚಿನ ತಪ್ಪು ಇರಬೇಕು ಅನ್ನಿಸುತ್ತದೆ. ಅಲ್ಜಿನೇಟ್‌ಗೆ ಬಿಸಿಯ ಹಂಗೇ ಇಲ್ಲ. ಕಂದು ಕಡಲಪಾಚಿಯಿಂದ ಬರುವ ಇದರ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ಅನ್ನುವ ಉಪ್ಪು ಕರಗಿಸಿದ ನೀರಿಗೆ ತೊಟ್ಟಿಕ್ಕಿಸಿದರೆ ಬಿದ್ದ ಹನಿ ಬಿದ್ದ ಹಾಗೇ ಗುಂಡಗೆ ಕಟ್ಟುತ್ತದೆ. ಕ್ಯಾಲ್ಸಿಯಂ ಎರಡು ಸರಪಳಿಗಳ ನಡುವೆ ಕೂತು ಹಿಡಿದುಕೊಳ್ಳುತ್ತದೆ. ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಹಾಕಿದರೆ ಅದು ಕ್ಯಾಲ್ಸಿಯಂ ಎಳೆದುಕೊಂಡು ಮಣಿ ಮತ್ತೆ ನೀರಾಗುತ್ತದೆ.

ಹಾಗಾಗಿ ‘ಕಟ್ಟು’ ಮತ್ತು ‘ಬಿಡು’ ಜೋಡಿ ಹೊಂದುತ್ತದೆ ಅನ್ನಿಸಿತು. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಹಣ್ಣು ಪಲ್ಪ್ ಮಾಡಿ (ಸಿಪ್ಪೆ ತೆಗೆದು) ಬೀಜ ತೊಟ್ಟಿಯಲ್ಲಿ ಹಾಕಿದಾಗ ‘ಲೋಳೆ ಬಿಟ್ಟಿದೆಯಾ’ ಅಂತ ಕೇಳುತ್ತಾರಲ್ಲ. ಅರೇಬಿಕಾ ಕಾಫಿ ಆದರೆ ಲೋಳೆ ಬಿಡಲು 24ರಿಂದ 36 ಗಂಟೆ. ಒಂದು ಹಿಡಿ ಬೀಜ ತೊಳೆದು ಉಜ್ಜಿದಾಗ ಜಾರದೆ ಗರಗರ ಅಂದರೆ ಬಿಟ್ಟಿದೆ ಅಂತ ಲೆಕ್ಕ. ಅಲ್ಲಿ ಒಡೆಯುವುದು ಲೋಳೆಯಲ್ಲಿರುವ ಪೆಕ್ಟಿನ್, ಅದೂ ಇದೇ ಕುಲದ್ದು. ಆದರೆ ಬೆಂಡೆಕಾಯಿ ‘ಲೋಳೆ ಬಿಡುತ್ತದೆ’ ಅಂದಾಗ ಅರ್ಥವೇ ಬೇರೆ, ಅಲ್ಲಿ ಲೋಳೆ ಹೊರಗೆ ಬರುತ್ತದೆ. ಇನ್ನು ‘ಕಟ್ಟಿ ಬಿಡುವ ಪಾಲಿಮರ್’ ಅಂದರೆ ಕಟ್ಟೇಬಿಡುತ್ತದೆ ಅಂತ ಓದಿಕೊಳ್ಳುತ್ತಾರೆ!

ಸದ್ಯಕ್ಕೆ ‘ಹದ ನೋಡಿ ಕಟ್ಟುವ ಪಾಲಿಮರ್’ ಅಂತ ಬರೆದಿದ್ದೇನೆ. ಬಿಸಿ, ಹುಳಿ, ಉಪ್ಪು ಮೂರೂ ‘ಹದ’ದಲ್ಲಿ ಸೇರುತ್ತವೆ, ಅದು ನನಗೆ ಇಷ್ಟ. ಮರಳಿ ನೀರಾಗುವ ಮಾತು ಮಾತ್ರ ಅದರಲ್ಲಿ ಇಲ್ಲ. ಅದನ್ನೂ ಒಳಗೊಳ್ಳುವ ಪದ ನಿಮ್ಮ ಕಡೆ ಇದೆಯಾ? ದಾಗಡಿ ರಸಕ್ಕೆ ಬೇರೆ ತಾಲ್ಲೂಕುಗಳಲ್ಲಿ ಏನನ್ನುತ್ತಾರೆ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದಾಗ ‘ಹೆಪ್ಪುಗಟ್ಟಿತು’ ಅನ್ನುತ್ತೀರಾ ಅಥವಾ ಬೇರೆಯಾ, ಅದನ್ನೂ ತಿಳಿಸಿ.