ಸವೆದ ಬೆಲ್ಟೋ, ಜಡ್ಡುಗಟ್ಟಿದ ಬೆಲ್ಟೋ? ಒಂದೆರಡು ಪದ ಬೇಕಿತ್ತು

ಎಲ್ರಿಗೂ ನಮಸ್ಕಾರ. ನಮ್ಮ ಹಳೇ ವ್ಯಾನಿನ ಡ್ರೈವ್ ಬೆಲ್ಟ್ (ಎಂಜಿನ್ ಪಕ್ಕದ ಚಕ್ರಗಳನ್ನ ತಿರುಗಿಸೋ ರಬ್ಬರ್ ಬೆಲ್ಟ್) ನಾನೇ ಮನೇಲಿ ಬದಲಾಯಿಸಿದೆ, ಮುಂದಿನ ಸಲ ತಮ್ಮ ಒಬ್ನೇ ಮಾಡ್ಕೊಳ್ಳಲಿ ಅಂತ ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಎರಡು ಪುಟ ಬರೆದಿಡೋಣ ಅಂತ ಕೂತೆ, ಸ್ಪ್ಯಾನರ್ ಹಿಡಿದು ಕಳೆದ ಹೊತ್ತಿಗಿಂತ ಪದ ಹುಡುಕ್ತಾ ಕಳೆದ ಹೊತ್ತೇ ಜಾಸ್ತಿ ಆಯ್ತು. ಅದಕ್ಕೇ ಕೇಳ್ತಿದೀನಿ, ಬಲ್ಲವರು ಹೇಳಿ.

ಮೊದಲು ಹೆಸರಿನ ವಿಷಯ, ಇದನ್ನ ಬೇಗ ಮುಗಿಸ್ತೀನಿ. ಶುದ್ಧವಾಗಿರಲಿ ಅಂತ 'ಚಾಲನಾ ಪಟ್ಟಿ' ಅಂತ ಬರೆದಿದ್ದೆ. ತಮ್ಮ ಓದಿ "ಯಾರ್ಯಾರು ಯಾವತ್ತು ಗಾಡಿ ಓಡಿಸ್ಬೇಕು ಅಂತ ಪಟ್ಟಿ ಮಾಡಿದ್ಯಾ ಅಣ್ಣ?" ಅಂದ. ಅವನದೇನೂ ತಪ್ಪಿಲ್ಲ, ಪಟ್ಟಿ ಅಂದ್ರೆ ಇವತ್ತು ಮೊದಲು ನೆನಪಾಗೋದು ಹೆಸರುಗಳ ಸಾಲು, ಆಮೇಲೆ ಗಾಯದ ಪಟ್ಟಿ. 'ಬಾರು' ಅಂತ ಇಡಬಹುದಾ ಅಂತಲೂ ನೋಡಿದೆ, ಬಾರುಕೋಲಿನ ಬಾರು, ಚರ್ಮದ ವಾರು ಅಂತೀವಲ್ಲ ಅದೇ, ತಮಿಳಿನ ವಾರ್ ಕೂಡ ಇದರ ನಂಟೇ. ಆದ್ರೆ ಬಾರಿಗೆ ಎರಡು ತುದಿ ಇರುತ್ತೆ, ಇದು ತುದಿನೇ ಇಲ್ಲದ ಬಳೆ. ಸರಿ, ಬೆಲ್ಟ್ ಬೆಲ್ಟಾಗಿಯೇ ಇರಲಿ ಅಂತ ಬಿಟ್ಟೆ. ಫ್ಯಾನ್ ಬೆಲ್ಟ್ ಅನ್ನೋ ಮಾತೂ ತಮಾಷೆನೇ, ನಮ್ಮ ವ್ಯಾನಿನ ಫ್ಯಾನು ಕರೆಂಟಲ್ಲಿ ತಿರುಗೋದು, ಬೆಲ್ಟ್ ತಿರುಗಿಸೋದು ಆಲ್ಟರ್ನೇಟರ್ (ಗಾಡಿಗೆ ಕರೆಂಟ್ ಹುಟ್ಟಿಸೋದು) ಮತ್ತೆ ವಾಟರ್ ಪಂಪನ್ನ, ಆದ್ರೂ ಎಲ್ಲರ ಬಾಯಲ್ಲೂ ಅದು ಫ್ಯಾನ್ ಬೆಲ್ಟೇ. ಬರೀ ಬೆಲ್ಟ್ ಅಂತ ಬರೆಯೋಕೂ ಭಯ, ಯಾಕಂದ್ರೆ ಕವರ್ ಒಳಗೆ ಎಂಜಿನ್ನಿನ ವಾಲ್ವುಗಳ ತಾಳ ಹೊಂದಿಸೋ ಟೈಮಿಂಗ್ ಬೆಲ್ಟ್ ಅಂತ ಇನ್ನೊಂದು, ಹಲ್ಲಿರೋದು, ಇರಬಹುದು, ಅದಕ್ಕೆ ಕೈ ಹಾಕಿ ಒಂದು ಹಲ್ಲು ಆಚೀಚೆ ಆದ್ರೂ ಎಂಜಿನ್ ಕಥೆ ಮುಗೀಬಹುದು. ಹಾಗಾಗಿ 'ಹೊರಗಿನ ಬೆಲ್ಟ್' ಅಂತ ಬರೆದಿದೀನಿ. ನಡಿಯುತ್ತಾ?

ನಿಜವಾಗಿ ನಾನು ಸಿಕ್ಕಿಹಾಕ್ಕೊಂಡಿದ್ದು 'ಸವೆದ' ಅನ್ನೋ ಕಡೆ. ಚಪ್ಪಲಿ ಸವೆಯುತ್ತೆ, ಮೆಟ್ಟಿಲು ಸವೆಯುತ್ತೆ, ಸವಕಲು ನಾಣ್ಯ ಅಂತೀವಿ, ಅಂದ್ರೆ ಉಜ್ಜಿ ಉಜ್ಜಿ ಒಂದಿಷ್ಟು ಹೊರಟುಹೋಗಿರಬೇಕು. ಆದ್ರೆ ಬಿಚ್ಚಿದ ಬೆಲ್ಟನ್ನ ಒಳಮೈ ಹೊರಗೆ ಬರೋ ಹಾಗೆ ಬಗ್ಗಿಸಿ ಬೆಳಕಿಗೆ ಹಿಡಿದ್ರೆ ಅಲ್ಲಿ ಮೂರು ಥರ ಕೆಟ್ಟಿತ್ತು. ಅಡ್ಡಡ್ಡ ಬಿರುಕು ಬಿಟ್ಟಿತ್ತು, ಬೇಸಿಗೆ ಕೆರೆಯ ತಳದ ಥರ. ಒಂದು ಅಂಚಲ್ಲಿ ನೂಲಿನ ಎಳೆ ಬಿಟ್ಟಿತ್ತು. ಮೂರನೇದು, ಎರಡೂ ಪಕ್ಕೆ ಗಟ್ಟಿಯಾಗಿ ನುಣ್ಣಗಾಗಿ ಪಾಲಿಶ್ ಹಾಕ್ದಂಗೆ ಮಿರಮಿರ ಮಿಂಚ್ತಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇ ಕೀಂಯ್ ಅಂತ ಕಿರುಚ್ತಾ ಇದ್ದಿದ್ದು ಇದರಿಂದ್ಲೇ, ಯಾಕಂದ್ರೆ ಈ ಥರ ಬೆಲ್ಟ್ ಹಿಡಿತ ಸಾಧಿಸೋದು ತಳದಿಂದ ಅಲ್ಲ, ಬೆಣೆ ಹೊಡೆದ ಹಾಗೆ ಎರಡು ಪಕ್ಕೆಯಿಂದ, ಪಕ್ಕೆ ನುಣುಪಾದ್ರೆ ಜಾರುತ್ತೆ. (ಇದಕ್ಕೆ ವಿ ಆಕಾರ ಇರೋದ್ರಿಂದ ವಿ ಬೆಲ್ಟ್ ಅಂತಾರೆ, 'ಬೆಣೆ ಬೆಲ್ಟ್' ಅಂದ್ರೆ ಹೇಗೆ? ನನಗಂತೂ ಇಷ್ಟ ಆಯ್ತು, ಕೇಳಿದ ಕೂಡ್ಲೇ ಆಕಾರನೂ ಗೊತ್ತಾಗುತ್ತೆ ಕೆಲಸನೂ ಗೊತ್ತಾಗುತ್ತೆ.)

ಈ ಮೂರನೇದಕ್ಕೆ ಪದ ಏನು? 'ಹೊಳಪು ಬಂದಿದೆ' ಅಂತ ಬರೆದ್ರೆ ಹೊಗಳಿಕೆ ಥರ ಇದೆ, ಓದಿದವನು ಬೆಲ್ಟ್ ಹೊಸದರಂಗಿದೆ ಅಂದ್ಕೊಂಡು ವಾಪಸ್ ಹಾಕಿಬಿಡ್ತಾನೆ. ನಾನು 'ಜಡ್ಡುಗಟ್ಟಿದೆ' ಅಂತ ಬರೆದೆ. ಹಾರೆ ಹಿಡಿದು ಅಂಗೈ ಜಡ್ಡುಗಟ್ಟುತ್ತಲ್ಲ, ಗಟ್ಟಿ, ನುಣುಪು, ಸ್ಪರ್ಶ ಸತ್ತಿರೋದು, ಮೂರೂ ಅದರಲ್ಲೇ ಬಂತು. ಆದ್ರೆ ಜಡ್ಡು ಅಂದ್ರೆ ಕೆಲವರಿಗೆ ಕಾಯಿಲೆ, ಇನ್ನು ಕೆಲವರಿಗೆ ಸೋಮಾರಿತನ. ರಬ್ಬರಿಗೆ ಈ ಮಾತು ಯಾರಾದ್ರೂ ಆಡಿದ್ದು ಕೇಳಿದೀರಾ?

ಇನ್ನೊಂದು ಸ್ವಾರಸ್ಯ ಇದೆ. ನಿಯೋಪ್ರೀನ್ ಅನ್ನೋ ರಬ್ಬರಿನ ಹಳೇ ಬೆಲ್ಟು ಹಾಳಾದ್ರೆ ಬಿರುಕು ಬಿಟ್ಟು ತೋರಿಸ್ತಿತ್ತು, ಈಗಿನ ಗೀರುಗೀರಿನ ಚಪ್ಪಟೆ ಬೆಲ್ಟುಗಳಲ್ಲಿ ಇಪಿಡಿಎಂ ಅನ್ನೋ ರಬ್ಬರ್ ಇರುತ್ತೆ, ಅದು ಅಷ್ಟು ಬೇಗ ಬಿರಿಯಲ್ಲ, ಟೈರಿನ ಥರ ತೇಯ್ದು ತೇಯ್ದು ಗೀರಿನ ಸಂದು ಅಗಲ ಆಗ್ತಾ ಹೋಗುತ್ತೆ, ನೋಡಿದ್ರೆ ಚೆನ್ನಾಗೇ ಕಾಣುತ್ತೆ. ಅಂದ್ರೆ 'ಸವೆದ' ಅನ್ನೋ ಪದ ಸರಿಯಾಗಿ ಒಪ್ಪೋದು ಹೊಸ ಥರದ ಬೆಲ್ಟಿಗೆ, ನಮ್ಮ ಹಳೇದಕ್ಕೆ ಅಲ್ಲ! 6ಪಿಕೆ1200 ಅಂತೆಲ್ಲ ಬೆನ್ನ ಮೇಲೆ ಬರೆದಿರುತ್ತಲ್ಲ, ಅದರಲ್ಲಿ 6 ಅಂದ್ರೆ ಉದ್ದುದ್ದಕ್ಕೆ 6 ಏಣು, 1200 ಅಂದ್ರೆ ಉದ್ದ, ಮಿಲಿಮೀಟರಲ್ಲಿ. ಉಬ್ಬಿರೋದಕ್ಕೆ ಏಣು ಅಂತ ಬರೆದೆ, ತಗ್ಗಿಗೆ ಗೀರು ಸಾಲದು ಅನ್ಸುತ್ತೆ. ಜಾಡು? ಕೊರಕಲು?

ಆಮೇಲೆ ಟೆನ್ಷನ್. ಇದನ್ನ ಹಾಗೇ ಬರೆದ್ರೆ ನಮ್ಮಲ್ಲಿ ತಲೆಬಿಸಿ ಅಂತಲೇ ಅರ್ಥ, 'ಬೆಲ್ಟಿಗೆ ಟೆನ್ಷನ್ ಜಾಸ್ತಿ ಕೊಡಬೇಡ' ಅಂತ ಬರೆದು ನಾನೇ ನಕ್ಕೆ. 'ಕರ್ಷಣ' ಅಂದ್ರೆ ಪಕ್ಕದಲ್ಲೇ ಘರ್ಷಣೆ ಬರುತ್ತೆ, ಎರಡೂ ಒಂದೇ ಪುಟದಲ್ಲಿದ್ರೆ ಓದೋನ ಗತಿ ಏನು. 'ಬಿಗಿ' ಒಳ್ಳೇ ಪದ, ಆದ್ರೆ ಬಿಗಿ ಅಂದ ಕೂಡ್ಲೇ ಕೈ ಇನ್ನೊಂದು ಸುತ್ತು ತಿರುಗಿಸೋಕೆ ಹೋಗುತ್ತೆ, ಬಿಗಿ ಜಾಸ್ತಿ ಆದ್ರೆ ಆಲ್ಟರ್ನೇಟರ್ ಮತ್ತೆ ವಾಟರ್ ಪಂಪಿನ ಬೇರಿಂಗ್ ಹೋಗುತ್ತೆ. ಬೇಕಾಗಿರೋದು ಇಷ್ಟೇ ಬಿಗಿ, ಇದಕ್ಕಿಂತ ಹೆಚ್ಚಲ್ಲ ಅನ್ನೋ ಅಳತೆ. ಕೊನೆಗೆ ನಾಮಪದನೇ ಬಿಟ್ಟು ಹೀಗೆ ಬರೆದೆ:

"ಬ್ಯಾಟರಿಯ ಮೈನಸ್ ವೈರ್ ಬಿಚ್ಚು. ಬೆಲ್ಟ್ ಯಾವುದರ ಮೇಲಿಂದ ಯಾವುದಕ್ಕೆ ಹೋಗಿದೆ ಅಂತ ಮೊದಲೇ ಚಿತ್ರ ಬರ್ಕೋ. ಆಲ್ಟರ್ನೇಟರಿನ ಕೆಳಗಿನ ಬೋಲ್ಟನ್ನೂ ಮೇಲಿನ ಸೀಳುಪಟ್ಟಿಯ (ಉದ್ದ ಸೀಳಿರೋ ಕಬ್ಬಿಣದ ಪಟ್ಟಿಯ) ಬೋಲ್ಟನ್ನೂ ಸಡಿಲ ಮಾಡಿ ಎಂಜಿನ್ ಕಡೆ ನೂಕು, ಬೆಲ್ಟ್ ಜೋಲು ಬೀಳುತ್ತೆ, ತೆಗಿ. ಹೊಸದು ಹಾಕಿ ಆಲ್ಟರ್ನೇಟರನ್ನ ಹೊರಗೆ ಎಳೆದು ಹಿಡಿದು ಬೋಲ್ಟ್ ಕಚ್ಚಿಸು. ಎರಡು ರಾಟೆ ನಡುವೆ ಬೆಲ್ಟ್ ಉದ್ದಕ್ಕಿರೋ ಕಡೆ ನಡುಮಧ್ಯ ಹೆಬ್ಬೆರಳಿಂದ ಒತ್ತಿದ್ರೆ 10 ಮಿಲಿಮೀಟರಿನಷ್ಟು ಜಗ್ಗಬೇಕು. ಬ್ಯಾಟರಿ ವೈರ್ ವಾಪಸ್ ಹಾಕಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಆಫ್ ಮಾಡಿ ಮತ್ತೆ ಒತ್ತಿ ನೋಡು, ಹೊಸ ಬೆಲ್ಟ್ ಹಿಗ್ಗಿರುತ್ತೆ."

'ಜಗ್ಗು' ಇಲ್ಲಿ ಚೆನ್ನಾಗಿ ಕೂತಿದೆ ಅಂತ ನನ್ನ ಅನಿಸಿಕೆ, ಆದ್ರೆ ಕೆಲವರಿಗೆ ಜಗ್ಗು ಅಂದ್ರೆ ಎಳಿ ಅಂತ ಅರ್ಥ, ಅವರು ಬೆಲ್ಟನ್ನ ಒತ್ತೋ ಬದಲು ಜಗ್ಗಿ ಎಳೀತಾರಾ? 'ತಗ್ಗಬೇಕು' ಅಂತ ತಿದ್ದಲಾ?

ಕೊನೇದು ಪುಲ್ಲಿ. ಶಾಲೆ ಪುಸ್ತಕದ ರಾಟೆ ಇದೆ, ಬಾವಿಯ ಗಡಗಡೆ ಇದೆ, ನಾನು ರಾಟೆ ಅಂತ ಹಾಕಿದೀನಿ. ಬೆಲ್ಟನ್ನ ಒತ್ತಿ ಹಿಡಿಯೋದಕ್ಕೆ ಬಿಗಿರಾಟೆ ಅನ್ನಬಹುದು. ಆದ್ರೆ ಕೆಲವು ಗಾಡಿಲಿ ಯಾವುದನ್ನೂ ಓಡಿಸದೆ ಬೆಲ್ಟಿಗೆ ದಾರಿ ತೋರ್ಸೋಕೆ ಅಂತಲೇ ಸುಮ್ನೆ ತಿರುಗೋ ಐಡ್ಲರ್ ಒಂದಿರುತ್ತೆ, ತಮ್ಮ ಅದಕ್ಕೆ 'ಸೋಮಾರಿ ರಾಟೆ' ಅಂತಿದಾನೆ. ನನ್ನ ಪ್ರಕಾರ ಅದಕ್ಕೆ ಅನ್ಯಾಯ, ಉಳಿದವುಗಳ ಜೊತೆ ಅದೂ ಬಿಡದೆ ಸುತ್ತುತ್ತೆ. ಚಿತ್ರದಲ್ಲಿ ಅದರ ಪಕ್ಕ ಸದ್ಯಕ್ಕೆ ಪ್ರಶ್ನೆ ಚಿಹ್ನೆ ಹಾಕಿಟ್ಟಿದೀನಿ.