‘ಪಾವಣೆ’ ಲೆಕ್ಕಕ್ಕ ಕನ್ನಡದಾಗ ಏನಂತೀರಿ?

ನಮಸ್ಕಾರ್ರಿ ಎಲ್ರಿಗೂ. ಪಾವಣೆ ಅಂದ್ರ ಪಾವ (ಕಾಲು ಭಾಗ) ಕಮ್ಮಿ ಅಂತ, ಅಂಥಾ ಲೆಕ್ಕಕ್ಕ ಒಂದು ಪದ ಬೇಕಾಗ್ಯದ. ಬಾಯಿಲೆಕ್ಕ ಮಾಡುವಾಗ ಮೊದ್ಲು ಮುಂದಿನ ಪೂರಾ ಸಂಖ್ಯಾಕ್ಕ ಹೋಗಿ ಆಮ್ಯಾಲೆ ಜಾಸ್ತಿ ಆಗಿದ್ದು ತೆಗೀತೀವಲ್ಲ, 98 ಏಳ್ಲೆ ಎಷ್ಟು ಅಂದ್ರ 700 ಮಾಡಿ ಅದ್ರಾಗ 14 ತೆಗದು 686 ಅಂತೀವಲ್ಲ, ಈ ಕೆಲಸಕ್ಕ ಕನ್ನಡದಾಗ ಹೆಸರು ಏನರ ಅದಾ?

ಇಲ್ಲಿ ಕಲಬುರಗಿಯಾಗ ಬ್ಯಾಂಕ್ ಪರೀಕ್ಷಾ, ಪಿಎಸ್ಐ ಪರೀಕ್ಷಾ ಅಂತ ಓದೋ ಹುಡುಗ್ರಿಗೆ ಇದನ್ನ ‘ಬೇಸ್ ಮೆಥಡ್’ ಅಂತ ಹೇಳಿಕೊಡ್ತಾರ. 97 ಮತ್ತ 96 ಗುಣಿಸಬೇಕು ಅಂದ್ರ ನೂರಕ್ಕ ಒಂದು 3 ಕಮ್ಮಿ, ಇನ್ನೊಂದು 4 ಕಮ್ಮಿ, 97ರಾಗ ಆ 4 ತೆಗದ್ರ 93, ಮೂರ್ನಾಕ್ಲೆ 12, ಎರಡೂ ಜೋಡ್ಸಿದ್ರ 9312. ಹುಡುಗ್ರು ಪಟ್ ಅಂತ ಹೇಳ್ತಾರ, ಹೊಸಾ ಟ್ರಿಕ್ ಕಲ್ತೀವಿ ಅಂತ ಖುಷಿ. ಅದೇ ಹುಡುಗ್ರಿಗೆ ‘ಪಾವಣೆ ಎರಡು ಕಿಲೊ’ ಅಂದ್ರ ಎಷ್ಟು ಅಂತ ಕೇಳ್ರಿ, ಅರ್ಧಾ ಮಂದಿ ಎರಡೂಮುಕ್ಕಾಲು ಅಂತಾರ. ಪಾವಣೆ ಎರಡು ಅಂದ್ರ ಎರಡಕ್ಕ ಪಾವ ಕಮ್ಮಿ, ಒಂದೂಮುಕ್ಕಾಲು. ಮರಾಠಿಯ ಪಾವುಣ, ಹಿಂದಿ ಉರ್ದುವಿನ ಪೌನ, ಎಲ್ಲಾ ಸಂಸ್ಕೃತದ ಪಾದೋನದಿಂದ ಬಂದದ್ದು, ಪಾದ ಊನ, ಅಂದ್ರ ಕಾಲು ಭಾಗ ಕಮ್ಮಿ. ಸವ್ವಾ ಅಂಬೋದು ಸಪಾದ, ಕಾಲು ಕೂಡಿದ್ದು. ಅಡೀಚ ಇನ್ನೂ ಮಜಾ ಅದ, ಅದು ಅರ್ಧತೃತೀಯ, ಮೂರನೇದು ಅರ್ಧಾ ಮಾತ್ರ ಅಂತ, ಅದಕ್ಕೇ ಎರಡೂವರೆ.

ನನಗ ಅನಿಸೋದೇನಂದ್ರ ಪಾವಣೆ ಅಂಬೋ ಶಬ್ದದಾಗೇ ಲೆಕ್ಕದ ಪದ್ಧತಿ ಕುಂತದ. ತೊಗರಿಬ್ಯಾಳಿ ಕಿಲೋಕ್ಕ 160 ಇದ್ದಾಗ ಪಾವಣೆ ಎರಡು ಕಿಲೊ ಬೇಕಂದ್ರ ಗಂಜ್‌ನಾಗ (ಕಾಳುಕಡಿ ಪ್ಯಾಟ್ಯಾಗ) ಹಳೇ ಅಂಗಡಿಯವ್ರು 320ರಾಗ 40 ತೆಗದು 280 ಅಂತಾರ. ನಾವು ಸಾಲ್ಯಾಗ ಕಲ್ತವ್ರು ‘ಒಂದೂಮುಕ್ಕಾಲು’ ಅಂತ ಹೇಳ್ಕೊಂಡು 160ಕ್ಕ 120 ಕೂಡಿಸ್ತೀವಿ, ಅದೂ ಮೊದ್ಲು ಮುಕ್ಕಾಲು ತೆಗಿಬೇಕು. ಒಂದೇ ತೂಕ, ಒಂದೇ ಉತ್ತರ, ಆದ್ರ ಹೆಸರು ಹ್ಯಾಂಗ ಇರ್ತದೋ ಲೆಕ್ಕ ಹಂಗ ಹೋಗ್ತದ. ಪಾವಣೆ ಎರಡ್ನೂರು ಅಂದ್ರ 175, ಇಲ್ಲಿ ನೂರರ ಪಾವ ತೆಗಿಬೇಕು, ಎರಡ್ನೂರರ ಪಾವ ಅಲ್ಲ, ಇದನ್ನ ಕಲಿಸುವಾಗ ಬಿಡಿಸಿ ಹೇಳಬೇಕಾಗ್ತದ.

ಕನ್ನಡಕ್ಕ ಈ ಕಮ್ಮಿ ಮಾಡೋ ದಾರಿ ಗೊತ್ತೇ ಇಲ್ಲ ಅಂತಲ್ಲ. ಒಂಬತ್ತನ್ನ ‘ಒಂದು ಕಮ್ಮಿ ಹತ್ತು’ ಅಂತ ಬಿಡಿಸೋ ಭಾಷಾ ಪಂಡಿತ್ರು ಇದ್ದಾರ, ಹತ್ತರ ಹಳೇ ರೂಪ ಪತ್ತು ಅಂಬೋದು ಅದ್ರಾಗ ಕಾಣ್ತದ. ಆದ್ರ ಹತ್ತೊಂಬತ್ತಕ್ಕ ಬಂದ್ರ ನಾವು ಕೂಡಿಸ್ತೀವಿ, ಸಂಸ್ಕೃತದವ್ರು ಏಕೋನವಿಂಶತಿ ಅಂತ ಇಪ್ಪತ್ತರಾಗ ಒಂದು ತೆಗೀತಾರ. ಭಿನ್ನಕ್ಕಂತೂ ಕಾಲು, ಅರೆ, ಮುಕ್ಕಾಲು, ಹದಿನಾರನೇ ಒಂದು ಭಾಗಕ್ಕ ವೀಸ, ಇಷ್ಟೆಲ್ಲಾ ಅದಾವ, ಪಾವಣೆಗೆ ಸರಿಸಮ ಕನ್ನಡ ಶಬ್ದ ನನಗ ಸಿಕ್ಕಿಲ್ಲ.

ನಿಜಾಮನ ಕಾಲದಾಗ ಈ ಭಾಗದಾಗ ನಿಜಾಮನ ರೂಪಾಯಿ ಹಾಲಿ ಸಿಕ್ಕಾ ಬ್ಯಾರೆ, ಬ್ರಿಟಿಷರ ರೂಪಾಯಿ ಕಲ್ದಾರ್ ಬ್ಯಾರೆ ನಡೀತಿತ್ತು. 7 ಹಾಲಿಗೆ 6 ಕಲ್ದಾರ್. ಅಂದ್ರ 140 ಹಾಲಿಗೆ ಏಳನೇ ಒಂದು ಪಾಲು 20 ತೆಗದ್ರ 120 ಕಲ್ದಾರ್, ಹೊಳ್ಳಿ ಹಾಲಿ ಮಾಡ್ಬೇಕಂದ್ರ ಆರನೇ ಒಂದು ಪಾಲು ಕೂಡಿಸಬೇಕು. ದಿನಾ ಸಂತ್ಯಾಗ ಇಂಥಾ ತೆಗ್ಯೋ ಲೆಕ್ಕ ಮಾಡಿದ ಮಂದಿ ಅದಕ್ಕೊಂದು ಶಬ್ದ ಇಟ್ಕೊಂಡಿರ್ಲೇಬೇಕು ಅಂತ ನನ್ನ ಗುಮಾನಿ. ನಾಣ್ಯ ಬದಲಿಸುವಾಗ ಮುರ್ಕೊಳ್ಳೋದಕ್ಕ ‘ವಟ್ಟಾ’ ಅಂತಿದ್ರು, ಆದ್ರ ಅದು ಮುರ್ಕೊಂಡ ರೊಕ್ಕದ ಹೆಸರು, ಲೆಕ್ಕದ್ದಲ್ಲ.

‘ಪೂರೈಸಿ ಕಳೆಯುವುದು’ ಅಂತ ಬರೀಬಹುದು, ವ್ಯಾಕರಣಕ್ಕ ತಪ್ಪಿಲ್ಲ, ಆದ್ರ ಹುಡುಗ್ರ ಬಾಯಾಗ ತಿರಗಂಗಿಲ್ಲ. ‘ಊನಲೆಕ್ಕ’ ಅಂದ್ರ ಊಟದ ಲೆಕ್ಕ ಅಂತ ತಿಳ್ಕೋತಾರ. ನಾನಂತೂ ಸದ್ಯ ‘ಪಾವಣೆ ಪದ್ಧತಿ’ ಅಂತಲೇ ಕಲಸ್ಲಿಕತ್ತೀನಿ. ಬೀದರ್, ಔರಾದ್ ಕಡೆಯವ್ರು ಏನಂತೀರಿ, ಅಡತಿ ಅಂಗಡ್ಯಾಗ ಕುಂತ ಹಿರ್ಯಾರಿದ್ರ ಕೇಳಿ ತಿಳಸ್ರಿ. ಇನ್ನೊಂದು, ಗಡಿಯಾರಕ್ಕ ‘ಪಾವಣೆ ಹತ್ತು’ ಅಂಬೋದು ಯಾದಗಿರಿ ಕಡೆ ಈಗೂ ನಡೀತದಾ, ಇಲ್ಲಾ ಅಲ್ಲೂ ‘ಒಂಬತ್ತೂಮುಕ್ಕಾಲು’ ಬಂದದಾ?