ಓದುಗರ ಸ್ಪಂದನ: ‘ಎಲ್ಲಾ ನಾರ್ಮಲ್ ಅಂತಾರೆ, ನನಗೆ ಮಾತ್ರ ಹಾಗನಿಸುತ್ತಿಲ್ಲ’

ಹಿಂದಿನ ಸಂಚಿಕೆಯಲ್ಲಿ ಸಮಸ್ಯೆ ಬರೆದುಕೊಂಡಿದ್ದ ಓದುಗರಿಗೆ 46 ವರ್ಷ, ಮುಟ್ಟು ನಿಲ್ಲುವ ಮುಂಚಿನ ಘಟ್ಟ. ಸುಮಾರು ಒಂದು ವರ್ಷದಿಂದ ಅವರ ಮುಟ್ಟಿಗೆ ಲೆಕ್ಕವೇ ಇಲ್ಲ. ಒಮ್ಮೆ ಎರಡು ತಿಂಗಳು ಪತ್ತೆಯಿಲ್ಲ, ಇನ್ನೊಮ್ಮೆ ಒಂದೇ ತಿಂಗಳಲ್ಲಿ ಎರಡು ಸಲ. ನಡುರಾತ್ರಿ ಬೆವರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಇದ್ದಕ್ಕಿದ್ದಂತೆ ಎದೆ ಡವಡವ ಅನ್ನುತ್ತದೆ. ಎಡಗೈ ಮೇಲೆತ್ತಲು ಆಗದಷ್ಟು ಭುಜ ನೋವು. ಹೊಟ್ಟೆಯ ಸುತ್ತ ಬೊಜ್ಜು. ಕೆಲಸದ ಜಾಗದಲ್ಲಿ ಚೆನ್ನಾಗಿ ಗೊತ್ತಿರುವವರ ಹೆಸರೇ ನೆನಪಿಗೆ ಬರುವುದಿಲ್ಲ. ಮನೆಯವರು “ವಯಸ್ಸಾಯ್ತಲ್ಲ” ಅನ್ನುತ್ತಾರೆ. ಡಾಕ್ಟರು “ಎಲ್ಲಾ ನಾರ್ಮಲ್” ಅಂದಿದ್ದಾರೆ. “ಹೀಗೇ ಸಹಿಸಿಕೊಂಡಿರಬೇಕೇ? ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತೆ ಅನ್ನೋದು ನಿಜವೇ?” ಎಂದು ಕೇಳಿದ್ದರು.

ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಮೊದಲು ಬ್ಲೀಡಿಂಗ್ ವಿಷಯ ನೋಡಿ

ತಂಗೀ, ಬೆವರು, ನಿದ್ದೆ, ಮರೆವಿನ ಬಗ್ಗೆ ಎಷ್ಟೊಂದು ಬರೆದಿದ್ದೀರಿ. ಒಂದೇ ತಿಂಗಳಲ್ಲಿ ಎರಡು ಸಲ ಮುಟ್ಟಾಗುವುದನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಾನು ಹೆಂಗಸರ ವಾರ್ಡಿನಲ್ಲೇ ಕೆಲಸ ಮಾಡಿ ನಿವೃತ್ತಳಾದ ನರ್ಸ್. ನನ್ನ ಕಣ್ಣು ಮೊದಲು ಹೋಗಿದ್ದೇ ಆ ಸಾಲಿನ ಮೇಲೆ.

ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವುದು ಸಹಜ. ಅಂಡಾಶಯಗಳು ಕೆಲವು ತಿಂಗಳು ಅಂಡ ಬಿಡುವುದನ್ನು ತಪ್ಪಿಸುತ್ತವೆ. ಆಗ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಅದನ್ನು ಸರಿದೂಗಿಸಬೇಕಾದ ಇನ್ನೊಂದು ಹಾರ್ಮೋನ್, ಪ್ರೊಜೆಸ್ಟರಾನ್, ಸಾಲುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಒಂದು ದಿನ ಜೋರಾಗಿ ಹೋಗುತ್ತದೆ. ಆದರೆ ಫೈಬ್ರಾಯ್ಡ್ ಗೆಡ್ಡೆ ಇದ್ದರೂ ಹೀಗೇ ಆಗುತ್ತದೆ. ಥೈರಾಯ್ಡ್ ತೊಂದರೆಯಲ್ಲೂ ಆಗಬಹುದು. ಅಪರೂಪಕ್ಕೆ ಒಳಪದರದ ಕ್ಯಾನ್ಸರ್ ಕೂಡ ಹೀಗೇ ಶುರುವಾಗುತ್ತದೆ. ಹೊರಗಿನಿಂದ ನೋಡಿ ಯಾವುದು ಏನೆಂದು ಹೇಳಲು ಯಾರಿಗೂ ಆಗುವುದಿಲ್ಲ.

ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದೆಯೇ? ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆಗಳು ಬೀಳುತ್ತವೆಯೇ? ಏಳು ದಿನ ಕಳೆದರೂ ನಿಲ್ಲುವುದಿಲ್ಲವೇ? ಮುಟ್ಟುಗಳ ಮಧ್ಯೆ, ಇಲ್ಲವೇ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸುತ್ತದೆಯೇ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಸ್ಕ್ಯಾನಿಂಗ್ ಬೇಕು. ಅಗತ್ಯ ಬಿದ್ದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇನ್ನು ಮುಟ್ಟು ನಿಂತು ಪೂರ್ತಿ ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಸುಮ್ಮನಿರಬೇಡಿ. ಕಾರಣ ಸಾಮಾನ್ಯವಾಗಿ ಸಣ್ಣದೇ ಇರುತ್ತದೆ. ಆದರೂ ತೋರಿಸಲೇಬೇಕು.

ಜಾಸ್ತಿ ರಕ್ತ ಹೋಗುವವರಿಗೆ ಕಬ್ಬಿಣದ ಅಂಶ ಕಡಿಮೆಯಾಗುತ್ತದೆ. ಸುಸ್ತು, ಡವಡವ, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಏದುಸಿರು ಎಲ್ಲವೂ ಅದರಿಂದಲೇ ಇರಬಹುದು. ಹಿಮೋಗ್ಲೋಬಿನ್ ಒಂದನ್ನೇ ನೋಡಿ ನಾರ್ಮಲ್ ಅಂದುಬಿಡುತ್ತಾರೆ. ಫೆರಿಟಿನ್ ಕೂಡ ನೋಡಿ ಎಂದು ಕೇಳಿ. ದೇಹದಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಎಂದು ಅದು ಹೇಳುತ್ತದೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ಅದು ಇಳಿದಿರುತ್ತದೆ. ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಶುಗರ್, ಬಿಪಿ, ಡವಡವ ಇರುವುದರಿಂದ ಒಂದು ಇಸಿಜಿ. ಡವಡವದ ಜೊತೆ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

“ಗರ್ಭಕೋಶ ತೆಗೆಸಿಬಿಡಿ, ರಗಳೆಯೇ ಇರಲ್ಲ” ಅನ್ನುವವರು ನಿಮಗೂ ಸಿಗುತ್ತಾರೆ. ಹಾಗಂದ ತಕ್ಷಣ ಒಪ್ಪಿಕೊಳ್ಳಬೇಡಿ. ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ಪುಟ್ಟ ಸಾಧನ ಇದೆ. ಕಾಪರ್-ಟಿ ಆಕಾರದ್ದೇ, ಆದರೆ ಕಾಪರ್-ಟಿಯಿಂದ ಬ್ಲೀಡಿಂಗ್ ಹೆಚ್ಚಬಹುದು, ಇದರಿಂದ ಬಹಳಷ್ಟು ಕಡಿಮೆಯಾಗುತ್ತದೆ. ಆಪರೇಷನ್ ಕೆಲವರಿಗೆ ನಿಜಕ್ಕೂ ಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಆಗಲೂ ಅಂಡಾಶಯ ಉಳಿಸುತ್ತೀರಾ ಎಂದು ಕೇಳಿಯೇ ಸಹಿ ಹಾಕಿ. ಎರಡೂ ಅಂಡಾಶಯ ತೆಗೆದರೆ ವರ್ಷಗಟ್ಟಲೆ ನಿಧಾನಕ್ಕೆ ಆಗಬೇಕಾದ ಬದಲಾವಣೆ ಒಮ್ಮೆಲೇ ಬಂದು ಬೀಳುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಮುಟ್ಟಿನ ದಿನಾಂಕ, ಪ್ಯಾಡ್ ಲೆಕ್ಕ, ಬೆವರಿ ಎದ್ದ ರಾತ್ರಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. “ಏನೋ ಒಂಥರಾ ಆಗ್ತಿದೆ” ಅಂದರೆ ಐದು ನಿಮಿಷದಲ್ಲಿ ಕಳಿಸುತ್ತಾರೆ. ಹಾಳೆ ಇಟ್ಟರೆ ಓದಲೇಬೇಕಾಗುತ್ತದೆ.

— ನಿವೃತ್ತ ನರ್ಸ್, 61

ಗಂಡಸೂ ಒಂದು ಮಾತು ಹೇಳಬಹುದೇ?

ನನ್ನ ಹೆಂಡತಿಯೂ ಇದೇ ಘಟ್ಟದಲ್ಲಿದ್ದಾಳೆ. ನಿಮ್ಮ ಪತ್ರವನ್ನು ನಾನೇ ಅವಳಿಗೆ ಓದಿ ಹೇಳಿದೆ. “ನಾನೇ ಬರೆದಂಗಿದೆ” ಅಂದಳು. ನಿದ್ದೆಯಿಲ್ಲದವರ ಜೊತೆ ಬೆಳಗ್ಗೆ ಎದ್ದ ಕೂಡಲೇ ವಾದಕ್ಕಿಳಿಯಬಾರದು ಎನ್ನುವುದನ್ನು ಮನೆಯ ಗಂಡಸರು ಅರ್ಥ ಮಾಡಿಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಈಗ ನಮ್ಮ ಹೊದಿಕೆ ಬೇರೆ ಬೇರೆ, ಫ್ಯಾನ್ ಅವಳ ಕಡೆಗೆ. ಡಾಕ್ಟರ ಹತ್ತಿರ ಜೊತೆಗೆ ಹೋಗುತ್ತೇನೆ, ಆದರೆ ಅವಳ ಪರವಾಗಿ ಮಾತಾಡುವುದಿಲ್ಲ. ನಿಮ್ಮ ಯಜಮಾನರಿಗೂ ಈ ಪುಟ ತೋರಿಸಿ.

— ಒಬ್ಬ ಓದುಗ, 52

ಇಷ್ಟೆಲ್ಲಾ ಗಲಾಟೆ ಯಾಕೆ?

ನಮ್ಮ ಕಾಲದಲ್ಲಿ ಇದಕ್ಕೆಲ್ಲ ಯಾರೂ ಪತ್ರ ಬರೆಯುತ್ತಿರಲಿಲ್ಲ ಮಗಳೇ. ಮುಟ್ಟು ನಿಂತಿತು, ಪೀಡೆ ತೊಲಗಿತು ಅಂದುಕೊಂಡೆವು. ನನಗೆ ಒಂದಿಷ್ಟು ದಿನ ಮೈ ಬಿಸಿಯಾಗುತ್ತಿತ್ತು, ತಣ್ಣೀರಿನಲ್ಲಿ ಮುಖ ತೊಳೆದರೆ ಮುಗಿಯಿತು. ನನ್ನ ತಂಗಿಗೆ ಅದೂ ಆಗಲಿಲ್ಲ. ಎಲ್ಲದಕ್ಕೂ ಮಾತ್ರೆ ನುಂಗಬೇಡಿ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಾನೀಗ ಆರೋಗ್ಯವಾಗಿಯೇ ಇದ್ದೇನೆ. ಹೋದ ವರ್ಷ ನಿಂತಲ್ಲೇ ಜಾರಿ ಮಣಿಕಟ್ಟು ಮುರಿಯಿತು, ಅದು ಬೇರೆ ವಿಷಯ.

— ಹಿರಿಯ ಓದುಗರು, 68

(ಅಮ್ಮಾ, ಅದು ಬೇರೆ ವಿಷಯ ಅಲ್ಲ. ದಯವಿಟ್ಟು ಮುಂದಿನ ಪತ್ರ ಓದಿ. – ಸಂ.)

ಭುಜವೂ ಮೂಳೆಯೂ

ನಾನು ಫಿಸಿಯೋಥೆರಪಿಸ್ಟ್. ಭುಜ ಹಿಡಿದುಕೊಂಡಿದೆ ಎಂದು ಬರುವವರಲ್ಲಿ 40ರಿಂದ 60ರೊಳಗಿನ ಹೆಂಗಸರೇ ಜಾಸ್ತಿ. ಕೈ ಹಿಂದೆ ಕೊಂಡೊಯ್ದು ಬ್ಲೌಸಿನ ಹುಕ್ಕು ಹಾಕಲು ಆಗದಿದ್ದರೆ, ಬೇರೆಯವರು ಎತ್ತಿದರೂ ಕೈ ಮೇಲೆ ಹೋಗದಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಶುಗರ್ ಮತ್ತು ಥೈರಾಯ್ಡ್ ಇರುವವರಿಗೆ ಇದು ಹೆಚ್ಚು. ಆದ್ದರಿಂದ ಆ ಎರಡು ಪರೀಕ್ಷೆ ಮಾಡಿಸಿ. ತಾನಾಗಿ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಜೋರಾಗಿ ಎಳೆದು ಉಜ್ಜಿಸಿಕೊಳ್ಳಬೇಡಿ, ನೋವು ಇನ್ನೂ ಕೆರಳುತ್ತದೆ. ಬಿಸಿ ಶಾಖ ಕೊಟ್ಟು, ನೋವು ತಡೆಯುವಷ್ಟರಲ್ಲೇ ನಿಧಾನಕ್ಕೆ ಚಾಚಬೇಕು. ಶುರುವಿನಲ್ಲೇ ಬಂದರೆ ಕೀಲಿಗೆ ಕೊಡುವ ಇಂಜೆಕ್ಷನ್ ಕೂಡ ಕೆಲಸ ಮಾಡುತ್ತದೆ.

ಮೂಳೆಯ ಕಥೆ ಇದಕ್ಕಿಂತ ದೊಡ್ಡದು. ಈಸ್ಟ್ರೋಜನ್ ಇರುವಷ್ಟು ದಿನ ಮೂಳೆ ಕರಗುವುದನ್ನು ಅದು ತಡೆದಿರುತ್ತದೆ. ಮುಟ್ಟು ನಿಲ್ಲುವ ಆಸುಪಾಸಿನ ಕೆಲವು ವರ್ಷಗಳಲ್ಲಿ ಸವೆತ ಎಲ್ಲಕ್ಕಿಂತ ವೇಗವಾಗಿರುತ್ತದೆ. ನೋವೇ ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿಯುವುದೇ ಎಷ್ಟೋ ಸಲ ಮೊದಲ ಸುಳಿವು. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಸಾಮಾನ್ಯವಾಗಿ 65ರ ನಂತರ ಎಲ್ಲರಿಗೂ ಹೇಳುತ್ತಾರೆ. ಬೇಗ ಮುಟ್ಟು ನಿಂತವರು, ಸ್ಟೀರಾಯ್ಡ್ ತಗೊಂಡವರು, ತುಂಬಾ ತೆಳ್ಳಗಿರುವವರು, ತಾಯಿಗೆ ಸೊಂಟ ಮುರಿದಿದ್ದವರು ಅಷ್ಟು ಕಾಯಬಾರದು. ಅದರಲ್ಲಿ ಬರುವ ಅಂಕ, ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಕಾಯಿಲೆ.

ವಾಕಿಂಗ್ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ. ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿ. ಗೋಡೆಗೆ ಕೈ ಕೊಟ್ಟು ತಳ್ಳಿ. ಆಮೇಲೆ ಡಂಬೆಲ್. ಸ್ನಾಯು ಉಳಿದರೆ ಶುಗರ್ ಹತೋಟಿಗೂ ಸಹಾಯ. ಬೊಜ್ಜು ಸೊಂಟ ಬಿಟ್ಟು ಹೊಟ್ಟೆಗೆ ಬಂದು ಕೂರುವುದೂ ಹಾರ್ಮೋನಿನ ಆಟವೇ. ಅದಕ್ಕೆ ಊಟ ಬಿಟ್ಟು ಉಪವಾಸ ಕೂತರೆ ಮೊದಲು ಕರಗುವುದರಲ್ಲಿ ಸ್ನಾಯುವೂ ಸೇರಿರುತ್ತದೆ.

— ಫಿಸಿಯೋಥೆರಪಿಸ್ಟ್, 44

ಆ ಕ್ಯಾನ್ಸರ್ ಭಯ ಎಲ್ಲಿಂದ ಬಂತು?

ನಾನು ಸ್ತ್ರೀರೋಗ ತಜ್ಞೆ. ಹಾರ್ಮೋನ್ ಬಗ್ಗೆ ನೀವು ಕೇಳಿದ ಪ್ರಶ್ನೆ ನನ್ನ ಮುಂದೆ ದಿನಾ ಬರುತ್ತದೆ.

ಅಮೆರಿಕದಲ್ಲಿ ನಡೆದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಕೃತಕ ಹಾರ್ಮೋನ್) ಎರಡನ್ನೂ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಸುದ್ದಿ ಹಬ್ಬಿತು, ಅರ್ಧ ಜಗತ್ತು ಮಾತ್ರೆ ಬಿಟ್ಟಿತು. ಎಷ್ಟು ಹೆಚ್ಚು ಎನ್ನುವುದನ್ನು ಕೇಳಿದವರು ಕಡಿಮೆ. ವರ್ಷಕ್ಕೆ 10,000 ಮಹಿಳೆಯರಲ್ಲಿ ಸುಮಾರು 8 ಹೆಚ್ಚುವರಿ ಪ್ರಕರಣ. ಅಲ್ಲದೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ನಿಮಗೆ 46. ನಂತರದ ವರ್ಷಗಳಲ್ಲಿ ಅದೇ ಲೆಕ್ಕಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರು. 60ರೊಳಗಿನವರಿಗೆ, ಅಥವಾ ಮುಟ್ಟು ನಿಂತು 10 ವರ್ಷ ಆಗದವರಿಗೆ, ತೊಂದರೆ ಜೋರಾಗಿದ್ದು ಬೇರೆ ಅಡ್ಡಿ ಇಲ್ಲದಿದ್ದರೆ, ಲಾಭವೇ ಹೆಚ್ಚು ಎನ್ನುವುದು ಈಗಿನ ತಜ್ಞರ ನಿಲುವು.

ಅಡ್ಡಿ ಎಂದರೆ ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದವರು, ಸ್ಟ್ರೋಕ್ ಅಥವಾ ಹಾರ್ಟ್ ಅಟ್ಯಾಕ್ ಆದವರು, ಲಿವರ್ ಕಾಯಿಲೆ ಇರುವವರು. ಕಾರಣ ಗೊತ್ತಿಲ್ಲದ ಬ್ಲೀಡಿಂಗ್ ಇರುವವರು ಕೂಡ. ಅಂದರೆ ಸದ್ಯಕ್ಕೆ ನೀವೂ ಆ ಪಟ್ಟಿಯಲ್ಲಿದ್ದೀರಿ. ಮೊದಲು ಆ ಪರೀಕ್ಷೆ ಮುಗಿಯಲಿ. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತಗೊಳ್ಳಬಾರದು, ಒಳಪದರ ಕಾಯಲು ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಹೆಪ್ಪುಗಟ್ಟುವ ಭಯ ಇರುವವರಿಗೆ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪ್ಯಾಚ್ ಒಳ್ಳೆಯದು.

ಹಾರ್ಮೋನ್ ಬೇಡ ಅನ್ನುವವರಿಗೂ ದಾರಿ ಇದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಕಡಿಮೆ ಡೋಸಿನಲ್ಲಿ, ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವ ಈ ಬಿಸಿ ಝಳವನ್ನು ತಗ್ಗಿಸುತ್ತವೆ. ನೀವು ಖಿನ್ನರಾಗಿದ್ದೀರಿ ಎಂದು ಅದಕ್ಕೆ ಅರ್ಥವಲ್ಲ. ಮೈಯ ಶಾಖ ನೋಡಿಕೊಳ್ಳುವುದು ಮೆದುಳಿನ ಹೈಪೋಥಲಾಮಸ್. ಈಸ್ಟ್ರೋಜನ್ ಇಳಿದಾಗ ಅದು ಅತಿ ಸೂಕ್ಷ್ಮವಾಗುತ್ತದೆ. ಚೂರು ಶಾಖ ಏರಿದರೂ ಸಾಕು, ರಕ್ತನಾಳ ಅಗಲಿಸಿ ಬೆವರು ಹರಿಸಿಬಿಡುತ್ತದೆ. ಅಲ್ಲಿಗೇ ಕೆಲಸ ಮಾಡುವ ಫೆಜೋಲಿನೆಟೆಂಟ್ ಎಂಬ ಔಷಧಿಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಗಿಡಮೂಲಿಕೆ ಎಂದು ಮಾರುವ ಡಬ್ಬಿಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ.

ಇನ್ನೆರಡು ಮಾತು. 45 ದಾಟಿದವರಿಗೆ ಇಂಥ ಲಕ್ಷಣಗಳಿದ್ದರೆ ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನ್) ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಈ ಘಟ್ಟದಲ್ಲಿ ಅದು ವಾರದಿಂದ ವಾರಕ್ಕೆ ಏರಿಳಿಯುತ್ತದೆ. ‘ನಾರ್ಮಲ್’ ಬಂತು ಅಂದಮಾತ್ರಕ್ಕೆ ನಿಮ್ಮ ಬೆವರು ಸುಳ್ಳಾಗುವುದಿಲ್ಲ. ಎರಡನೆಯದು, ಮುಟ್ಟು ಏರುಪೇರಾದರೂ ಬಸಿರಾಗುವ ಸಾಧ್ಯತೆ ಇರುತ್ತದೆ. 50ರ ಮೊದಲು ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, 50ರ ನಂತರ ನಿಂತರೆ ಒಂದು ವರ್ಷ ಎಚ್ಚರ ಬೇಕು.

— ಸ್ತ್ರೀರೋಗ ತಜ್ಞೆ, 49

ನೀವು ಬರೆಯದ ಒಂದು ವಿಷಯ

ಅಕ್ಕಾ ಅಂತ ಕರೆಯಲೋ ತಂಗಿ ಅನ್ನಲೋ, ನಾನು ನಿಮಗಿಂತ ಹತ್ತು ವರ್ಷ ದೊಡ್ಡವಳು. ನೀವು ಬರೆದಿಲ್ಲ, ಆದರೆ ಮುಂದೆ ಬರಬಹುದು ಅಂತ ಹೇಳುತ್ತಿದ್ದೇನೆ. ಕೆಮ್ಮಿದರೆ, ನಕ್ಕರೆ, ಸೀನಿದರೆ ಮೂತ್ರ ಹನಿಯುವುದು. ಕೆಳಗೆ ಒಣಗಿ ಉರಿಯುವುದು, ಗಂಡನ ಜೊತೆ ಸೇರುವಾಗ ನೋವು. ಮೇಲಿಂದ ಮೇಲೆ ಮೂತ್ರದ ಸೋಂಕು. ಬಿಸಿ ಝಳ ಕಾಲಕ್ರಮೇಣ ಕಡಿಮೆಯಾಗುತ್ತದೆ. ಈ ಒಣಗುವಿಕೆ ಮಾತ್ರ ಚಿಕಿತ್ಸೆ ಇಲ್ಲದೆ ಸಾಮಾನ್ಯವಾಗಿ ಹೋಗುವುದಿಲ್ಲ. ನಾನು ನಾಚಿಕೊಂಡು ಯಾರಿಗೂ ಹೇಳಿರಲಿಲ್ಲ. ಬಾಯಿ ಬಿಟ್ಟಾಗ ಡಾಕ್ಟರಿಗೆ ಅದು ದಿನನಿತ್ಯದ ವಿಷಯವಾಗಿತ್ತು! ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೊಟ್ಟರು. ತೀರಾ ಕಡಿಮೆ ಡೋಸ್, ರಕ್ತಕ್ಕೆ ಸೇರುವುದು ಅತ್ಯಲ್ಪವಂತೆ. ಸೋಂಕೂ ಕಡಿಮೆಯಾಯಿತು.

ಹನಿಯುವುದಕ್ಕೆ ಕೀಗಲ್ ವ್ಯಾಯಾಮ ಹೇಳಿಕೊಟ್ಟರು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುತ್ತದಲ್ಲ, ಆ ಸ್ನಾಯುವನ್ನು ಬಿಗಿಹಿಡಿದು ಬಿಡುವುದು. ಕೂತಲ್ಲೇ ಮಾಡಬಹುದು, ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಿದರೆ ಮಾತ್ರ ಫಲ ಕಾಣುತ್ತದೆ ಎಂದಿದ್ದರು, ಹಾಗೇ ಆಯಿತು.

— ಹೆಸರು ಬೇಡ, 56

ಮರೆವಿನ ಬಗ್ಗೆ

ಹೆಸರು ಮರೆತಾಗ “ಅಲ್ಜೈಮರ್ ಶುರುವಾಯ್ತೇನೋ” ಅಂತ ನಾನೂ ಹೆದರಿದ್ದೆ. ಇಂಥ ಮರೆವು ಈ ಘಟ್ಟದಲ್ಲಿ ಬಹಳ ಮಂದಿಗೆ ಬರುತ್ತದೆ, ಹೆಚ್ಚಿನವರಿಗೆ ಆಮೇಲೆ ಸುಧಾರಿಸುತ್ತದೆ. ಗೊತ್ತಿರುವ ದಾರಿಯೇ ತಪ್ಪಿಹೋದರೆ, ದಿನಾ ಮಾಡುವ ಕೆಲಸ ಹೇಗೆಂದೇ ತಿಳಿಯದಾದರೆ ಮಾತ್ರ ಬೇರೆ ತರಹ ಯೋಚಿಸಬೇಕು. ನನ್ನ ವಿಷಯದಲ್ಲಿ ಮುಖ್ಯ ಕಾರಣ ನಿದ್ದೆ. ಅದರ ಜೊತೆ ಗೊರಕೆಯೂ ಇತ್ತು. ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ, ಅಂದರು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಅದು ಹೆಚ್ಚುತ್ತದಂತೆ. ನಿಮಗೂ ಗೊರಕೆ ಇದೆಯಾ? ಮನೆಯವರನ್ನು ಕೇಳಿ ನೋಡಿ, ನಮಗಂತೂ ಗೊತ್ತಾಗಲ್ಲ. ಸ್ಕ್ಯಾನಿಂಗ್ ಮಾಡಿಸಿದ ಮೇಲೆ ಏನಾಯ್ತು ಅಂತ ಒಂದು ಸಾಲು ಬರೆಯಿರಿ.

— ಕಚೇರಿ ಉದ್ಯೋಗಿ, 52